ಕುಂಕುಮದ ಕಲ್ಲು

"ನಾಳೆ ಈ ಮರ ಉರುಳಿಸ್ತೀನಿ, ಶುಂಠಿ ಹಾಕ್ತೀನಿ. ಅದೇನ್ ಮಾಡ್ಕೋತೀಯೋ ಮಾಡ್ಕೋ ಹೋಗೇ," ಎಂದು ಕಾಡಂಚಿನ ಹೊಲದವನು ಕೊಡಲಿ ತೋರಿಸಿದ.

ನಾನು ಕಾಡು ಕಾಯುವ ದಿನಗೂಲಿಯವಳು. ಕೈಯಲ್ಲಿದ್ದದ್ದು ಒಂದು ಸೀಟಿ ಮಾತ್ರ.

ಅವನು ಹೋದ ಮೇಲೆ ಹಳ್ಳದಿಂದ ಕಲ್ಲೊಂದನ್ನು ತಂದು, ಕುಂಕುಮ ಬಳಿದು, ಮರದ ಬುಡದಲ್ಲಿ ನೆಟ್ಟೆ. ದೇವರು ಕೂತ ಮರಕ್ಕೆ ನಮ್ಮೂರಲ್ಲಿ ಯಾರೂ ಕೊಡಲಿ ಹಾಕುವುದಿಲ್ಲ.

ಮರುದಿನ ಅವನು ಕಲ್ಲು ಕಂಡವನೇ ಚಪ್ಪಲಿ ಬಿಟ್ಟು ಕೈಮುಗಿದ. ನನ್ನನ್ನು ದುರುಗುಟ್ಟಿ ನೋಡಿ ಹಿಂದಿರುಗಿದ.

ಒಂದು ವಾರ ಬೇರೆ ಕಡೆ ಕಾವಲಿದ್ದು ಮರಳಿ ಬಂದಾಗ ಆ ಮರವೊಂದೇ ನಿಂತಿತ್ತು. ಸುತ್ತಲಿನ ಕಾಡೆಲ್ಲ ಬೋಳಾಗಿತ್ತು. ಅವನ ಜೊತೆ ಊರಿನ ಹತ್ತು ಜನ ಕೊಡಲಿ ಹಿಡಿದಿದ್ದರು.

"ಯಾರನ್ನ ಕೇಳಿ ಕಡಿದ್ರಿ?" ಎಂದೆ.

"ಮೊದ್ಲು ಚಪ್ಪಲಿ ಬಿಡು," ಎಂದು ಅವನು ಗದರಿದ. "ದೇವ್ರು ಬಂದ್ಮೇಲೆ ಗುಡಿಗೆ ಜಾಗ ಬೇಡ್ವಾ?"