ಸೋತ ಮುಖಂಡರಿಗೆ ಬೀಗರೂಟ

"ಬನ್ನಿ ಸಾರ್, ಕೂತ್ಕೊಳ್ಳಿ ಸಾರ್" ಎಂದು ಮದ್ದೂರಿನ ಬೀಗರೂಟದಲ್ಲಿ ಎಲ್ಲರೂ ನಯವಾಗಿ ಕರೆದಾಗ ವಿರೋಧ ಪಕ್ಷದ ಮುಖಂಡ ಚಿಕ್ಕತಮ್ಮಯ್ಯನವರ ಎದೆ ಧಸಕ್ಕೆಂದಿತು. ಮೂರನೇ ಚುನಾವಣೆಯನ್ನೂ ಸೋತು ತಿಂಗಳಾಗಿತ್ತು. ಈ ಸೀಮೆಯ ಜನ ಇಷ್ಟು ನಯವಾಗಿ ಮಾತಾಡಿಸುವುದು ಲೆಕ್ಕಕ್ಕಿಲ್ಲದವರನ್ನು ಮಾತ್ರ. ಉಂಡೆದ್ದು ರಾಜಕೀಯಕ್ಕೆ ಕೈಮುಗಿದುಬಿಡೋಣ ಎಂದುಕೊಂಡು ಪಂಕ್ತಿಯಲ್ಲಿ ಕೂತರು.

ಬಡಿಸುತ್ತ ಬಂದ ಮುದುಕಿ ದೇವಿರಮ್ಮ ಅವರ ಎಲೆಯ ಮುಂದೆ ಮುದ್ದೆ ಹಿಡಿದೇ ನಿಂತಳು. "ಮೂರ್ ಸಲ ಸೋತಿದ್ದೀಯಲ್ಲಪ್ಪ, ನಾಚ್ಕೆ ಆಗಕಿಲ್ವ? ನಾಲೇಲಿ ನೀರಿಲ್ಲ, ಗೆದ್ದೋನು ಈ ಕಡೆ ತಲೆ ಆಕಿಲ್ಲ. ನೀನೆಲ್ಲಿ ಅಡಗಿದ್ದೆ? ನಾಳೀಕೆ ಬಂದು ನೀರಾವರಿ ಆಪೀಸ್ ಮುಂದೆ ಧರಣಿ ಕೂತ್ಕತೀಯೋ ಇಲ್ವೋ?"

ಚಿಕ್ಕತಮ್ಮಯ್ಯನವರು ಮುಖವರಳಿಸಿ ಪಕ್ಕದಲ್ಲಿದ್ದ ಡ್ರೈವರ್ ಶಿವರಾಜುವಿನ ತೊಡೆಗೆ ಬಡಿದರು.

"ಬೈದ್ಲು ಕಣ್ಲಾ! ನಾಳೆ ಒತ್ತಾರೆಗೇ ಗಾಡಿ ತಗಿ!"