ಕಿಟ್ಟು ಮಾಮನ ವಿಚಾರಣೆ

"ಹುಡುಗ ಕುಡಿಯುತ್ತಾನೇನಪ್ಪ?"

ತಮಿಳಿನಲ್ಲಿ ಹೀಗೆ ಕೇಳುತ್ತಲೇ ಕಿಟ್ಟು ಮಾಮ ಚೀಲದಿಂದ ಒಂದು ಪಂಚೆ ತೆಗೆದು ಇಸ್ತ್ರಿ ಗಾಡಿಯ ಮೇಲಿಟ್ಟರು. ಮಾತಿಗೆ ನೆಪ ಬೇಕಲ್ಲ, ಅದಕ್ಕೆಂದೇ ಮನೆಯಿಂದ ಮುದುರಿಸಿ ತಂದ ಪಂಚೆ ಅದು.

"ಯಾರು, ಕೌಶಿಕ್ ಸಾರಾ?" ಎಂದ ಇಸ್ತ್ರಿಯವನು. "ತಂಗಮಾನ ಮನುಷ್ಯ, ಚಿನ್ನದಂಥವರು, ಸಾಮಿ. ಅವರ ಅಂಗಿಯಲ್ಲಿ ಒಂದು ಸಿಗರೇಟು ವಾಸನೆ ಕೂಡ ಕಂಡಿಲ್ಲ."

ಮಾಮನಿಗೆ ಅಷ್ಟಕ್ಕೆ ಸಮಾಧಾನವಾಗಲಿಲ್ಲ. ಮದುವೆಯ ಮಾತುಕತೆಗೆ ಕೂರುವ ಮುನ್ನ ಹುಡುಗನ ಬೀದಿಯಲ್ಲಿ ಗುಟ್ಟಾಗಿ ವಿಚಾರಿಸುವುದು ಅವರ ಮನೆತನದ ರೂಢಿ. ಅದರಲ್ಲಿ ಮಾಮನದು ಎತ್ತಿದ ಕೈ. ಹೆಂಡತಿ ತೀರಿಕೊಂಡ ಈ ಆರು ವರ್ಷಗಳಲ್ಲಿ ಮಗಳು ವೃಂದಾಳಿಗೆ ಬಂದ ಹತ್ತು ಸಂಬಂಧಗಳನ್ನು ಹೀಗೆಯೇ ಬೀದಿ ಸುತ್ತಿ ಜಾಲಾಡಿ, ಹತ್ತನ್ನೂ ಬೇಡವೆಂದಿದ್ದರು. ಒಬ್ಬನಿಗೆ ಕುಡಿತವಂತೆ, ಒಬ್ಬನಿಗೆ ಜೂಜಂತೆ, ಮತ್ತೊಬ್ಬನಿಗೆ ಮೂರ್ಛೆರೋಗವಂತೆ. ಕಿಟ್ಟು ಇಲ್ಲದಿದ್ದರೆ ಆ ಹುಡುಗಿಯ ಗತಿ ಏನಾಗುತ್ತಿತ್ತೋ ಎಂದು ನೆಂಟರೆಲ್ಲ ಮೂಗಿನ ಮೇಲೆ ಬೆರಳಿಡುತ್ತಿದ್ದರು.

ವೃಂದಾಳಿಗೆ ಈಗ ಮೂವತ್ನಾಲ್ಕು. ಅಪ್ಪನಿಗೆ ಸೊಂಟ ಬಗ್ಗದು ಎಂದು ಇವತ್ತು ಮಧ್ಯಾಹ್ನ ಅವಳೇ ಕೂತು ಬೂಟಿನ ಲೇಸು ಕಟ್ಟಿದ್ದಳು. ತಲೆ ಎತ್ತದೆಯೇ ಹೇಳಿದ್ದಳು: "ಅಪ್ಪಾ, ಈ ಫೋಟೋ ನಂಗೆ ರೊಂಬ ಹಿಡಿಸಿದೆ. ಸ್ವಲ್ಪ ನಿಧಾನವಾಗಿ ವಿಚಾರಿಸಿ. ಇದೂ ತಪ್ಪಿದ್ರೆ ಇನ್ನ ಯಾರ ಫೋಟೋನೂ ತರಿಸಬೇಡಿ."

"ನಾನು ಇರೋವಾಗ ನಿನಗ್ಯಾಕೆ ಕವಲೆ, ಯಾಕೆ ಚಿಂತೆ?" ಎಂದು ಮಾಮ ಅವಳ ತಲೆ ಸವರಿದ್ದರು. ವಿಚಾರಣೆ ಮುಗಿಯುವವರೆಗೆ ಹುಡುಗನಿಗೆ ಫೋನ್ ನಂಬರು ಕೊಡಕೂಡದು ಎಂಬುದು ಅವರ ಕಟ್ಟಪ್ಪಣೆ. ಅವಳು ಅದನ್ನು ಎಂದೂ ಮೀರಿದವಳಲ್ಲ.

ಮಾಮ ನಿಧಾನವಾಗಿಯೇ ನಡೆದರು. ಬೆಸೆಂಟ್ ನಗರದ ಆ ಬೀದಿಗಳು ಅವಸರಪಡಿಸುವಂಥವೂ ಅಲ್ಲ. ಬೇವಿನ ಮರದಡಿ ಬಣ್ಣ ಹೋದ ಹಳೆಯ ಬಂಗಲೆ, ಅದಕ್ಕೆ ಅಂಟಿಕೊಂಡೇ ಗಾಜಿನ ಗೋಡೆಯ ಕಾಫಿ ಅಂಗಡಿ. ಅತ್ತ ಮಾತೆಯ ಚರ್ಚಿಗೆ ಮೇಣದಬತ್ತಿ ಹಿಡಿದು ಹೊರಟವರು, ಇತ್ತ ಲಕ್ಷ್ಮಿಯ ಗುಡಿಗೆ ತಾವರೆ ಹಿಡಿದು ಹೊರಟವರು. ಬೆಸ್ತರ ಕೇರಿಯಾದ ಕುಪ್ಪದ ಕಡೆಯಿಂದ ಗಾಳಿ ಬೀಸಿದಾಗ ಮಾಮ ಮೂಗಿಗೆ ಕರವಸ್ತ್ರ ಹಿಡಿದುಕೊಂಡರು.

ಔಷಧಿ ಅಂಗಡಿಯಲ್ಲಿ ಕೆಮ್ಮಿನ ಮಾತ್ರೆ ಕೊಂಡು, ಹುಡುಗನ ಮನೆಗೆ ಮೂರ್ಛೆಯ ಮದ್ದೇನಾದರೂ ಹೋಗುತ್ತದೆಯೇ ಎಂದು ಕೇಳಿದರು. "ಅವರಮ್ಮನ ಬಿ.ಪಿ. ಮಾತ್ರೆ ಬಿಟ್ಟರೆ ಇನ್ನೇನೂ ಇಲ್ಲ, ಸಾರ್." ಎದುರು ಮನೆಯ ಕಾವಲುಗಾರ ಹೇಳಿದ: ಕಾಲೇಜಿನಲ್ಲಿ ಲೆಕ್ಕ ಪಾಠ ಮಾಡುವವರು, ದನಿ ಏರಿಸಿದ್ದನ್ನೇ ಯಾರೂ ಕೇಳಿಲ್ಲ. ಒಳ್ಳೆಯ ಮಾತು ಕೇಳಿದಷ್ಟೂ ಮಾಮನ ಹುಬ್ಬು ಗಂಟಿಕ್ಕುತ್ತಾ ಹೋಯಿತು.

ಸಂಜೆ ಐದೂವರೆಗೆ ಅವರು ಕಡಲ ದಂಡೆ ಮುಟ್ಟಿದರು. ಅಲ್ಲೇ ಸಿಕ್ಕಿಬಿದ್ದ ಹುಡುಗ.

ಮಾಮ ಜೇಬಿನ ಫೋಟೋ ತೆಗೆದು ಎರಡು ಸಲ ತಾಳೆ ನೋಡಿದರು. ಅವನೇ. ಹೆಗಲ ಮೇಲೆ ನಾಲ್ಕೈದು ವರ್ಷದ ಮಗು, ಪಕ್ಕದಲ್ಲಿ ಎಳೆಯ ಹೆಂಗಸು. ಮಗು ಅವನ ಕೂದಲು ಹಿಡಿದು ಕೇಕೆ ಹಾಕುತ್ತಿತ್ತು. ಹೆಂಗಸು ನಗುತ್ತಾ ಅವನ ಚಪ್ಪಲಿ ಕೈಯಲ್ಲಿ ಹಿಡಿದು ಹಿಂದೆ ಹೋಗುತ್ತಿದ್ದಳು. 

ದಾರಿಬದಿಯ ಹೂವಿನವಳ ಬಳಿ ಹೋಗಿ ಕೇಳಿದರು: "ಅವರು ಯಾರಮ್ಮ?"

ಮುದುಕಿಯ ಕೈ ಹೂ ಕಟ್ಟುತ್ತಲೇ ಇತ್ತು. "ಮಗು ನನ್ನ ಮೊಮ್ಮಗ, ಸಾಮಿ. ಹುಟ್ಟಿನಿಂದ ಕಾಲು ಬರಲ್ಲ. ಅವಳು ನನ್ನ ಮಗಳು, ಗಂಡ ಹೋಗಿಬಿಟ್ಟ. ಆ ತಂಬಿ ಇದೇ ಬೀದಿಯದು. ದಿನಾ ಸಂಜೆ ಬಂದು ಮಗುನ ಹೊತ್ತುಕೊಂಡು ಹೋಗಿ ಅಲೆ ಮುಟ್ಟಿಸಿ ತರುತ್ತೆ. ಆ ತಂಬಿಯನ್ನು ಕಟ್ಟಿಕೊಳ್ಳುವವಳು ಪುಣ್ಯ ಮಾಡಿರಬೇಕು."

 ಮಾಮ ಅವಳಿಂದ ಒಂದು ಮೊಳ ಮಲ್ಲಿಗೆ ಕೊಂಡು, ಮನೆಗೆ ಹೋಗುವ ಮಾಂಬಲದ ಬಸ್ಸು ಹತ್ತಿದರು.

ವೃಂದಾ ಬಾಗಿಲಲ್ಲೇ ಕಾಯುತ್ತಿದ್ದಳು. ಅಪ್ಪನನ್ನು ಕುರ್ಚಿಯಲ್ಲಿ ಕೂರಿಸಿ ಬೂಟಿನ ಲೇಸಿಗೆ ಕೈ ಹಾಕಿದಳು. ಚೀಲದ ಮಲ್ಲಿಗೆ ಅವಳ ಕಣ್ಣಿಗೆ ಬಿದ್ದಿತ್ತು. "ಹೇಳಿ ಅಪ್ಪಾ," ಎಂದಾಗ ದನಿಯಲ್ಲಿ ನಗು ತಡೆಯಲಾಗಲಿಲ್ಲ.

"ಬೀಚಿನಲ್ಲಿ ಕಣ್ಣಾರೆ ನೋಡಿದೆ ಮಾ. ಜೊತೆಗೆ ಒಬ್ಬ ಹೆಂಗಸು. ಹೆಗಲ ಮೇಲೆ ಮಗು. ದಿನಾ ಸಂಜೆ ಬರ್ತಾನಂತೆ, ಅಲ್ಲಿಯ ಹೂವಿನವಳೇ ಹೇಳಿದಳು."

ಮಾಮ ಒಂದಕ್ಷರವೂ ಸುಳ್ಳು ಹೇಳಲಿಲ್ಲ.

ವೃಂದಾಳ ಬೆರಳು ಲೇಸಿನ ಗಂಟಿನಲ್ಲಿ ನಿಂತಿತು. ಆಮೇಲೆ ಗಂಟು ಬಿಡಿಸಿ, ಬೂಟನ್ನು ಮೂಲೆಗಿಟ್ಟು ಎದ್ದಳು. "ಪೋಗಟ್ಟುಂ ಅಪ್ಪಾ, ಹೋಗ್ಲಿ ಬಿಡಿ. ಇನ್ನ ಯಾರನ್ನೂ ನೋಡೋದು ಬೇಡ. ಕೈ ತೊಳ್ಕೊಳ್ಳಿ, ಎಲೆ ಹಾಕ್ತೀನಿ."

ಮಲ್ಲಿಗೆಯನ್ನು ದೇವರ ಪಟಕ್ಕೆ ಹಾಕಿ ಒಲೆ ಹಚ್ಚಿದಳು. ಸೊಂಟಕ್ಕೆ ಬಿಸಿನೀರಿನ ಚೀಲ ತಂದಿಟ್ಟಳು. ಸಾರು ಎಂದಿನಂತೆ ಹದವಾಗಿತ್ತು. ಮಾಮ ಮೂರು ಸಲ ಹಾಕಿಸಿಕೊಂಡರು. ಇನ್ನು ಮುದಿ ಕಾಲಿನಲ್ಲಿ ಬೀದಿ ಬೀದಿ ಅಲೆಯುವ ಕೆಲಸವಿಲ್ಲವೆಂದು ನೆನೆದು ಅವರಿಗೆ ಹಾಯೆನಿಸಿತು.

ಈ ಹುಡುಗನೂ ಅಪ್ಪಟ ಚಿನ್ನ, ಹಿಂದಿನ ಹತ್ತು ಮಂದಿಯ ಹಾಗೆಯೇ.