ಚಿಗಿತ ಬೆರಳು

ರವಿವಾರಕ್ಕೊಮ್ಮೆ ಹವ್ಯಾಸಕ್ಕೆಂದು ಕತ್ತಿವರಸೆ ಆಡುವ ನೀಲಗಂಗಾ, ಅಂಗಡಿಯವನು ಕೊಟ್ಟ ಕೈಗವಸನ್ನು ಕೌಂಟರಿನ ಮೇಲೆ ಕುಕ್ಕಿದಳು.

“ಇವೇನ್ ಗ್ಲೌಸೋ, ಕಾಲಚೀಲಾನೋ? ಬೆರಳಿನ ಮ್ಯಾಲ ಒಂದ ತಗಡ ಇಲ್ಲ!”

“ತಗಡಿಂದು ಈಗ ಯಾರ್ ಕೇಳ್ತಾರ್ರಿ ಅಕ್ಕಾರ?” ಅಂಗಡಿಯ ಈರಪ್ಪ ನಕ್ಕ. “ಬೆರಳ ಜಜ್ಜಿದ್ರ ಕಡದ ಒಗದ್ರಾತು. ಮುಂದಿನ ಅಮಾಸಿಗೆ ಹೊಸಾದು ಚಿಗೀತೈತಿ.”

ಎಳೆಗೂಸಿನ ಬೆರಳಿನಂತೆ ನುಣುಪಾಗಿದ್ದ ತನ್ನೆರಡು ಬೆರಳುಗಳನ್ನು ಅವಳು ಅವನ ಮುಖಕ್ಕೆ ಹಿಡಿದಳು.

“ಇವು ಹೋದ ತಿಂಗಳ ಚಿಗತಾವು. ರೊಟ್ಟಿ ಬಡಿಯಾಕ ಕುಂತ್ರ ರೊಟ್ಟೀನ ಹರದ ಹೋಗ್ತಾವ. ಇವಕ್ಕ ಏನೂ ಗೊತ್ತಿಲ್ಲ!”

“ಮತ್ತ ಕಲೀಬೇಕ್ರಿ.”

“ಕಲಿಸಿದಾಕಿ ನಮ್ಮವ್ವ!” ನೀಲಗಂಗಾ ಚೀರಿದಳು. “ಆಕೀನ್ನ ಮಣ್ಣ ಮಾಡಿ ಬಂದೀವಿ. ಆಕಿ ಚಿಗೀಲಿಲ್ಲ.”